ಕೈಗೊಡಲಿ ಒಂದಿದ್ರೆ ನಮ್ಮ ಕಾಡಲ್ಲಿ 54 ದಿನ ಬದುಕಬಹುದಾ?

ಹತ್ತನೇ ಕ್ಲಾಸು, ಸಕಲೇಶಪುರ
ಎಲ್ಲರಿಗೂ ನಮಸ್ಕಾರ. ಗ್ಯಾರಿ ಪಾಲ್ಸನ್ ಬರೆದ ‘ಹ್ಯಾಚೆಟ್’ ಓದಿ ಮುಗಿಸಿದೆ. ಓದದವರಿಗೆ: ಬ್ರಯಾನ್ ಅಂತ 13 ವರ್ಷದ ಹುಡುಗ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಕೆನಡಾದಲ್ಲಿರೋ ಅಪ್ಪನ ಹತ್ರ ಸಣ್ಣ ವಿಮಾನದಲ್ಲಿ ಹೋಗುವಾಗ ಪೈಲಟ್‌ಗೆ ಹಾರ್ಟ್ ಅಟ್ಯಾಕ್ ಆಗಿ ವಿಮಾನ ಸರೋವರಕ್ಕೆ ಬೀಳುತ್ತೆ. ಸೊಂಟದಲ್ಲಿ ಅಮ್ಮ ಕೊಟ್ಟ ಕೈಗೊಡಲಿ ಬಿಟ್ರೆ ಹೇಳಿಕೊಳ್ಳೋಕೆ ಏನೂ ಇಲ್ಲ. 54 ದಿನ ಒಬ್ಬನೇ.

ಎರಡು ಜಾಗ ತಲೆಯಿಂದ ಹೋಗ್ತಾನೇ ಇಲ್ಲ. ಒಂದು, ಬೆಂಕಿ. ಮುಳ್ಳುಹಂದಿ ಕಡೆ ಎಸೆದ ಕೊಡಲಿ ಬಂಡೆಗೆ ತಾಗಿ ಕಿಡಿ ಹಾರುತ್ತೆ. ಆದ್ರೆ ಅಷ್ಟಕ್ಕೇ ಬೆಂಕಿ ಆಗಲ್ಲ. ಒಣಹುಲ್ಲು ಇಡ್ತಾನೆ, ಹತ್ತಲ್ಲ. ಜೇಬಲ್ಲಿದ್ದ 20 ಡಾಲರ್ ನೋಟು ಹರಿದು ಇಡ್ತಾನೆ, ಹತ್ತಲ್ಲ. ಕೊನೆಗೆ ಬರ್ಚ್ ಮರದ ತೊಗಟೆಯನ್ನ ಕೂದಲಿನಷ್ಟು ಸಣ್ಣಗೆ ಸೀಳಿದಾಗ ಹತ್ತುತ್ತೆ. ಇನ್ನೊಂದು, ರಾತ್ರಿ ಅತ್ತು ಮುಗಿಸಿದ ಮೇಲೆ ನೋಡಿದ್ರೆ ಕಾಲು ನೋವು ಹಾಗೇ ಇದೆ, ಕತ್ತಲೆ ಹಾಗೇ ಇದೆ. ಅದನ್ನ ಓದಿ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಈಗ ಪ್ರಶ್ನೆ. ನಮ್ಮ ಕಲ್ಲಲ್ಲಿ ಕಿಡಿ ಬರುತ್ತಾ? ಬರ್ಚ್ ಬದಲು ಏನು? ಬಿಸ್ಲೆ ಕಡೆ ಅಥವಾ ಎತ್ತಿನಭುಜದ ಹತ್ರ ಒಂದು ರಾತ್ರಿ ಕಳೆಯೋಕೆ ನಾನೂ ಗೆಳೆಯನೂ ಪ್ಲ್ಯಾನ್ ಮಾಡ್ತಿದ್ದೀವಿ. ಕೊಡಲಿ ಅಂಗಡೀಲಿ ನೋಡಿಟ್ಟಿದ್ದೀನಿ.

ಬೈರಾಪುರದ ಗಾಳಿ
ಮೊದಲು ಆ ಪ್ಲ್ಯಾನ್ ಬಿಡು ತಮ್ಮಾ. ಮಿಕ್ಕಿದ್ದೆಲ್ಲ ಆಮೇಲೆ.

ಬಗನೆಮರ
ಹುಡುಗ ಪ್ರಶ್ನೆ ಚೆನ್ನಾಗಿ ಕೇಳಿದ್ದಾನೆ, ಬೈಯೋದಕ್ಕಿಂತ ಮೊದಲು ಉತ್ತರ ಕೊಡೋಣ.

ಕಿಡಿ ಕಲ್ಲಿನದ್ದಲ್ಲ, ಉಕ್ಕಿನದ್ದು. ಗಟ್ಟಿ ಕಲ್ಲಿನ ಚೂಪು ಅಂಚು ಉಕ್ಕನ್ನು ಕೆರೆದು ಪುಡಿ ಎಬ್ಬಿಸುತ್ತೆ, ಆ ಪುಡಿ ಕಾದು ಗಾಳಿಯಲ್ಲಿ ಉರಿಯುತ್ತೆ. ಹಾಗಾಗಿ ಕಲ್ಲು ಉಕ್ಕಿಗಿಂತ ಗಟ್ಟಿಯಾಗಿರಬೇಕು, ಉಕ್ಕಿನಲ್ಲಿ ಇಂಗಾಲದ ಅಂಶ ಚೆನ್ನಾಗಿರಬೇಕು. ಸ್ಟೇನ್‌ಲೆಸ್ ಸ್ಟೀಲ್ ಚಾಕುವಿನಲ್ಲಿ ದಿನವಿಡೀ ಹೊಡೆದರೂ ಕೈ ನೋಯುತ್ತೆ ಅಷ್ಟೆ. ನಮ್ಮ ಕಡೆ ಗುಡ್ಡದಲ್ಲಿ ಸಿಗೋದರಲ್ಲಿ ಬೆಣಚುಕಲ್ಲು ಸರಿ. ಬಿಳಿ, ಒಡೆದರೆ ಗಾಜಿನ ಹಾಗೆ ಅಂಚು. ಉರುಟು ಹೊಳೆಗಲ್ಲು ಆಗಲ್ಲ, ಒಡೆದು ಹೊಸ ಅಂಚು ತೆಗೆಯಬೇಕು. ಜಂಬಿಟ್ಟಿಗೆ ಕಲ್ಲು ಪುಡಿಯಾಗುತ್ತೆ. ಕೊಡಲಿಗಿಂತ ಸವೆದ ಹಳೇ ಅರ ಒಳ್ಳೇದು, ಚಕಮಕಿಗೆ ಅದರ ಉಕ್ಕು ಹೇಳಿ ಮಾಡಿಸಿದ ಹಾಗಿರುತ್ತೆ.

ಬರ್ಚ್ ತೊಗಟೆಯಲ್ಲಿ ಎಣ್ಣೆಯಂಥ ಅಂಶ ಇದೆ, ಒದ್ದೆಯಾದರೂ ಉರಿಯುತ್ತೆ. ಆ ಮರ ನಮ್ಮಲ್ಲಿಲ್ಲ. ಹಿಮಾಲಯದಲ್ಲಿದೆ, ಹಳೇ ಕಾಲದಲ್ಲಿ ಬರೆಯೋಕೆ ಬಳಸ್ತಿದ್ದ ಭೂರ್ಜಪತ್ರ ಅದರದ್ದೇ ತೊಗಟೆ. ನಮ್ಮಲ್ಲಿ ಅದರ ಕೆಲಸ ಮಾಡೋದು ಬಗನೆ ಮರ. ಗರಿ ಕಾಂಡಕ್ಕೆ ಕೂಡುವ ಬುಡದಲ್ಲಿ ಕಂದು ಬಣ್ಣದ ಹತ್ತಿಯಂಥದ್ದು ಇರುತ್ತೆ, ಕೆರೆದು ತೆಗೆಯಬೇಕು. ಬಿಸಿಲಿಗೆ ಚೆನ್ನಾಗಿ ಒಣಗಿಸಿದರೆ ಕಿಡಿ ಹಿಡಿಯುತ್ತೆ. ಆದರೆ ಇಲ್ಲೇ ಎಲ್ಲರೂ ಎಡವೋದು: ಅದು ಧಗ್ಗಂತ ಹತ್ತಲ್ಲ, ಊದುಬತ್ತಿ ಥರ ಒಳಗೊಳಗೇ ಕೆಂಪಾಗುತ್ತೆ. ಆ ಕೆಂಡವನ್ನ ತೆಂಗಿನ ನಾರಿನ ಗೂಡಿನೊಳಗೆ ಇಟ್ಟು, ಮೊದಲು ಮೆಲ್ಲಗೆ ಆಮೇಲೆ ಉದ್ದಕ್ಕೆ ಊದಬೇಕು. ಹೊಗೆ ದಪ್ಪ ಆಗಿ ಹಳದಿಗೆ ತಿರುಗಿದ ಮೇಲೆ ಉರಿ ಬರುತ್ತೆ. ಉಸಿರಿನ ತೇವ ತಾಗದ ಹಾಗೆ ಮುಖ ಒಂದು ಗೇಣು ದೂರ ಇರಲಿ.

ಅರಸೀಕೆರೆ ಜಾಲಿ
ಹಾಸನ ಅಂದ ತಕ್ಷಣ ಎಲ್ಲರೂ ಸಕಲೇಶಪುರಕ್ಕೇ ಓಡ್ತೀರಲ್ಲ. ನಮ್ಮ ಕಡೆ ವಿಮಾನ ಬಿದ್ರೆ ಬೆಂಕಿಗೇನೂ ಕಷ್ಟ ಇಲ್ಲ, ಕುಡಿಯೋಕೆ ನೀರಿರಲ್ಲ 😀

ಕಾಫಿಗಿಡ
@ಅರಸೀಕೆರೆ ಜಾಲಿ ನಿಮ್ಮಲ್ಲಿ ಬಿದ್ರೆ ಹತ್ತು ನಿಮಿಷದಲ್ಲಿ ಇಡೀ ಊರೇ ಬಂದು ಸೆಲ್ಫಿ ತಗೊಳ್ಳುತ್ತೆ, 54 ದಿನ ಎಲ್ಲಿಂದ.

ಹೇಮಾವತಿ ದಂಡೆ
ಬಗನೆಮರ ಅವರು ಹೇಳಿದ್ದು ಬೇಸಿಗೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸ್ಲೆಯಲ್ಲಿ ಅದನ್ನ ಎಲ್ಲಿ ಒಣಗಿಸ್ತೀರಿ? ಮಳೆಗಾಲದ ಬೆಂಕಿಯ ಲೆಕ್ಕವೇ ಬೇರೆ. ನೆಲದ ಮೇಲೆ ಬಿದ್ದ ಕಟ್ಟಿಗೆ ಸ್ಪಂಜಿನ ಹಾಗೆ, ಮುಟ್ಟಬಾರದು. ನಿಂತ ಹಾಗೇ ಸತ್ತ, ಮಣಿಕಟ್ಟಿನಷ್ಟು ದಪ್ಪದ ಮರ ಹುಡುಕಬೇಕು. ಹೊರಗೆ ಪಾಚಿ ಇದ್ದರೂ ಸೀಳಿದರೆ ಒಳಗಿನ ಕಟ್ಟಿಗೆ ಒಣಗಿರುತ್ತೆ. ಆ ಒಣ ಭಾಗದಿಂದ ಸುರುಳಿ ಸುರುಳಿಯಾಗಿ ತೆಳ್ಳಗೆ ಹೆರೆದುಕೊಳ್ಳಬೇಕು. ಆಮೇಲೆ ಮೂರು ಗುಡ್ಡೆ: ಬೆಂಕಿಕಡ್ಡಿ ದಪ್ಪದ್ದು, ಪೆನ್ಸಿಲ್ ದಪ್ಪದ್ದು, ಹೆಬ್ಬೆರಳು ದಪ್ಪದ್ದು. ಮೂರೂ ಸಾಕಷ್ಟು ಸೇರುವ ತನಕ ಕಡ್ಡಿ ಗೀರಬಾರದು. ಹತ್ತಿದ ಮೇಲೆ ಕಟ್ಟಿಗೆ ತರೋಕೆ ಓಡಿದರೆ ವಾಪಸ್ ಬರೋ ಹೊತ್ತಿಗೆ ಬೂದಿ. ಹಸಿ ನೆಲದ ಮೇಲೆ ನೇರ ಹಚ್ಚಬಾರದು, ಕಡ್ಡಿಗಳನ್ನ ಸಾಲಾಗಿ ಜೋಡಿಸಿ ಅದರ ಮೇಲೆ ಹಚ್ಚಬೇಕು. ರಾಳಧೂಪದ ಮರದ ಅಂಟು ಒಂದು ಗೋಲಿಯಷ್ಟು ಸಿಕ್ಕರೆ ಅರ್ಧ ಕೆಲಸ ಆದಂತೆ.

ಸೀಳೋ ಕೆಲಸಕ್ಕೆ ಕೈಗೊಡಲಿಗಿಂತ ಮಲೆನಾಡಿನ ಕತ್ತಿ ವಾಸಿ. ಕತ್ತಿಯನ್ನ ಕಟ್ಟಿಗೆಯ ತಲೆ ಮೇಲಿಟ್ಟು ಇನ್ನೊಂದು ಕೊರಡಿನಿಂದ ಬಡಿದರೆ ಗುರಿ ತಪ್ಪಲ್ಲ. ಗಿಡ್ಡ ಹಿಡಿಯ ಕೊಡಲಿ ತಪ್ಪಿದರೆ ನೆಲಕ್ಕೆ ಹೋಗಲ್ಲ, ಮೊಣಕಾಲಿಗೇ ಬರುತ್ತೆ.

ಶಾಂತಕ್ಕ, ಕೊಪ್ಪ
ಅರಣಿಯಲ್ಲಿ ಬೆಂಕಿ ಮಥಿಸ್ತಾರಲ್ಲ ಯಜ್ಞದಲ್ಲಿ, ಅಶ್ವತ್ಥದ ಕಟ್ಟಿಗೆಯಲ್ಲಿ. ಅದೂ ಆಗುತ್ತಲ್ವಾ?

ಬಗನೆಮರ
ಆಗುತ್ತೆ ಅಕ್ಕಾ. ಆದರೆ ಅದಕ್ಕೆ ವರ್ಷಗಟ್ಟಲೆ ಒಣಗಿಸಿಟ್ಟ ಕಟ್ಟಿಗೆ, ಹಗ್ಗ ಎಳೆಯೋಕೆ ಇಬ್ಬರು, ಕೆಳಗೆ ಹಿಡಿಯೋಕೆ ಹತ್ತಿ. ಮಳೆಗಾಲದ ಕಾಡಿನಲ್ಲಿ ಹಸಿದವನೊಬ್ಬ ಮಾಡೋ ಕೆಲಸ ಅಲ್ಲ. ಮೇಣ ಸವರಿದ ಬೆಂಕಿಪೊಟ್ಟಣ, ಪ್ಲಾಸ್ಟಿಕ್ ಕವರಲ್ಲಿ ಒಂದು ಲೈಟರ್. ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ.

ಹೆಜ್ಜೇನು
ಬೆಂಕಿ ಹಚ್ಚೋದು ಹೇಗೆ ಅಂತ ಎಲ್ಲರೂ ಹೇಳಿದ್ರಿ, ಎಲ್ಲಿ ಹಚ್ಚಬಾರದು ಅಂತ ಯಾರೂ ಹೇಳಲಿಲ್ಲ. ಪುಸ್ತಕದ ಹುಡುಗ ಬಂಡೆಯ ಚಾಚಿನ ಕೆಳಗೆ ಮನೆ ಮಾಡ್ಕೊಳ್ತಾನೆ. ನಮ್ಮ ಘಟ್ಟದಲ್ಲಿ ಅಂಥ ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುತ್ತೆ. ಕೆಳಗೆ ಹೊಗೆ ಹಾಕಿದ್ರೆ ಮುಗೀತು. ಒಂದು ಚುಚ್ಚಿದ ಜಾಗದಲ್ಲಿ ಉಳಿಯೋ ವಾಸನೆಗೆ ಉಳಿದವೂ ಅಲ್ಲೇ ಚುಚ್ಚುತ್ತವೆ. ಎದ್ದರೆ ಕೈ ಬೀಸಬಾರದು, ಮುಖ ತಲೆ ಬಟ್ಟೆಯಿಂದ ಮುಚ್ಚಿ ನಿಲ್ಲದೆ ಓಡಬೇಕು, ದಟ್ಟ ಪೊದೆಯೊಳಗೆ ನುಗ್ಗಬೇಕು. ನೀರಿಗೆ ಹಾರಬಾರದು, ತಲೆ ಎತ್ತೋ ತನಕ ಅವು ಮೇಲೇ ಸುತ್ತುತ್ತಿರ್ತವೆ. ಮುಳ್ಳನ್ನ ಉಗುರಿನಿಂದ ತಕ್ಷಣ ಕೆರೆದು ತೆಗೀಬೇಕು, ತಡ ಮಾಡಿದಷ್ಟೂ ವಿಷ ಒಳಗೆ ಹೋಗುತ್ತೆ.

ಇನ್ನು ಬಂಡೆ ಪೊಟರೆ ಖಾಲಿ ಇದೆ ಅಂತ ಕಂಡ್ರೆ ಕರಡಿ ಹೊರಗೆ ಹೋಗಿದೆ ಅಂತ ಅರ್ಥ.

ಕಾಫಿಗಿಡ
ಕೊನೇ ಸಾಲಿಗೆ ನೂರು ಲೈಕ್.

ಗಾರ್ಡ್ ಅಲ್ಲ ಆದ್ರೂ
ತಮ್ಮಾ, ಕಾನೂನೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡೋ ಹಾಗಿಲ್ಲ, ಕಾಡಿಗೆ ಅಪಾಯ ಆಗೋ ಹಾಗೆ ಬೆಂಕಿ ಹಚ್ಚೋ ಹಾಗಿಲ್ಲ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಜನವರಿ ಕಳೆದ ಮೇಲೆ ಗುಡ್ಡದ ಹುಲ್ಲು ಬೆಂಕಿಪೊಟ್ಟಣ ಇದ್ದ ಹಾಗೆ, ನಿನ್ನ ಒಂದು ಕಿಡಿಗೆ ಇಡೀ ಗುಡ್ಡ ಹೋಗುತ್ತೆ. ಬ್ರಯಾನ್ ಆಮೆ ಮೊಟ್ಟೆ ತಿಂದ, ಹಕ್ಕಿ ಹೊಡೆದ. ಇಲ್ಲಿ ಅದು ಬೇಟೆ. ಪ್ರಾಣ ಉಳಿಸಿಕೊಳ್ಳೋಕೆ ಮೈಮೇಲೆ ಬಂದ ಪ್ರಾಣಿಯನ್ನ ಕೊಂದರೆ ಕಾಯ್ದೆಯಲ್ಲಿ ರಿಯಾಯ್ತಿ ಇದೆ, ಹಸಿವಿಗೆ ಇಲ್ಲ.

ಹತ್ತನೇ ಕ್ಲಾಸು, ಸಕಲೇಶಪುರ
ಸರಿ ಅಣ್ಣಾ, ಅರ್ಥ ಆಯ್ತು. ಹಾಗಾದ್ರೆ ಹಣ್ಣು, ಗೆಡ್ಡೆ? ಅವನೂ ಮೊದಲು ಹಣ್ಣೇ ತಿನ್ನೋದು, ಹೊಟ್ಟೆ ಕೆಟ್ಟು ಒದ್ದಾಡ್ತಾನೆ. ಅದನ್ನ ‘ಹೊಟ್ಟೆಚೆರ್ರಿ’ ಅನ್ನೋ ಥರ ಹೆಸರಿಡ್ತಾನೆ. ಮೀನಿನದ್ದೂ ಹೇಳಿ.

ಬಗನೆಮರ
ಬಗನೆ ಹತ್ತಿ ಹೊಗಳಿದೆ ಅಂತ ಹಣ್ಣು ಬಾಯಿಗಿಟ್ಟೀಯ! ಅದರ ತಿರುಳಲ್ಲಿ ಸೂಜಿಯಂಥ ಹರಳಿರುತ್ತವೆ, ತುಟಿ ನಾಲಿಗೆ ಗಂಟಲು ಎಲ್ಲ ಉರಿದು ಊದಿಕೊಳ್ಳುತ್ತೆ. ಹಸಿ ಕೆಸುವಿನಲ್ಲೂ ಅದೇ ಹರಳು, ಅದಕ್ಕೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸೋದು.

ಕಾಸರಕದ ಹಣ್ಣು ಥೇಟ್ ಕಿತ್ತಳೆ ಬಣ್ಣ, ನುಣುಪು ಸಿಪ್ಪೆ, ಎತ್ಕೋ ಅನ್ನೋ ಹಾಗಿರುತ್ತೆ. ಬೀಜದಲ್ಲಿ ಸ್ಟ್ರಿಕ್ನಿನ್, ಮೈ ಸೆಟೆದು ಉಸಿರು ನಿಲ್ಲುತ್ತೆ. ಅಗ್ನಿಶಿಖೆಯ ಗೆಡ್ಡೆ ನೋಡೋಕೆ ಗೆಣಸು, ಒಳಗೆ ಕಾಲ್ಚಿಸಿನ್. ‘ಮಂಗ ತಿಂದಿದ್ದನ್ನ ಮನುಷ್ಯ ತಿನ್ನಬಹುದು’ ಅನ್ನೋ ಮಾತು ಸುಳ್ಳು. ಹಕ್ಕಿ ತಿಂದಿದ್ದಂತೂ ಇನ್ನೂ ಸುಳ್ಳು. ಅಣಬೆ ಮಾತೇ ಎತ್ತಬೇಡ.

ನೇರಳೆ, ನೆಲ್ಲಿ, ಕೌಳಿ, ಹಲಸು, ಮುರುಗಲು. ಕಣ್ಣು ಮುಚ್ಚಿ ಗುರುತು ಹಿಡಿಯೋಕೆ ಬಂದ್ರೆ ಇವು. ಆದರೆ ಎಲ್ಲದಕ್ಕೂ ಕಾಲ ಇದೆ, ಬೇಕಾದಾಗ ಸಿಗಲ್ಲ.

ಶಾಂತಕ್ಕ, ಕೊಪ್ಪ
ಕಳಲೆ ಬಿಟ್ರಲ್ಲಾ! ಮಳೆಗಾಲದಲ್ಲಿ ಬಿದಿರು ಮೆಳೆ ತುಂಬ.

ಹೇಮಾವತಿ ದಂಡೆ
ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ ಮೇಡಂ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಕಾಡಲ್ಲಿ ದಾರಿ ತಪ್ಪಿದವನ ಹತ್ರ ಪಾತ್ರೆ ಎಲ್ಲಿದೆ, ಮೂರು ದಿನ ಕಾಯೋ ತಾಳ್ಮೆ ಎಲ್ಲಿದೆ.

ಶಾಂತಕ್ಕ, ಕೊಪ್ಪ
ಅದು ಸರಿ. ಆದ್ರೂ ಕಳಲೆ ಪಲ್ಯಕ್ಕೆ ಎರಡು ದಿನ ಸಾಕು ಅನ್ನೋರೂ ಇದ್ದಾರೆ.

ಕಾಫಿಗಿಡ
ಎರಡಾ ಮೂರಾ ಅಂತ ಬೇರೆ ಥ್ರೆಡ್ ಮಾಡಿ, ಇಲ್ಲಿ ಬೇಡ.

ಲೆಕ್ಕದ ಮೇಷ್ಟ್ರು
ಮೀನಿನ ಪ್ರಶ್ನೆಗೆ. ನೀರಿನ ವಕ್ರೀಭವನಾಂಕ ಸುಮಾರು 1.33. ನೇರ ಮೇಲಿನಿಂದ ನೋಡಿದರೆ 40 ಸೆಂ.ಮೀ. ಆಳದ ಮೀನು 30 ಸೆಂ.ಮೀ. ಆಳದಲ್ಲಿದ್ದ ಹಾಗೆ ಕಾಣುತ್ತೆ. ಓರೆಯಾಗಿ ನೋಡಿದಷ್ಟೂ ಇನ್ನೂ ಮೇಲೆ. ಬ್ರಯಾನ್‌ನ ಬಾಣ ತಪ್ಪಿದ್ದು ಇದಕ್ಕೇ, ಮೀನಿನ ಕೆಳಕ್ಕೆ ಗುರಿ ಇಡಬೇಕು ಅಂತ ಅವನಿಗೆ ಹೊಳೆಯೋದು ಶಾಲೆಯ ಪಾಠ ನೆನಪಾದಾಗ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ನಿನಗೂ ಈ ಪಾಠ ಇದೆ, ಪರೀಕ್ಷೆಗೆ ಬರುತ್ತೆ.

ಊಟದ ಲೆಕ್ಕವನ್ನೂ ನೋಡು. ಕೊನೆಯಲ್ಲಿ ಅವನು ಮೈತೂಕದ ಶೇ. 17ರಷ್ಟು ಕಳೆದುಕೊಂಡಿದ್ದ ಅಂತ ಲೇಖಕರೇ ಹೇಳ್ತಾರೆ. 50 ಕೆ.ಜಿ. ಹುಡುಗ ಅಂತ ಇಟ್ಟುಕೊಂಡರೆ ಎಂಟೂವರೆ ಕೆ.ಜಿ. ಅದೂ ಮೀನು, ಹಕ್ಕಿ, ಮೊಲ ಎಲ್ಲ ಸಿಕ್ಕಿ. ಬರೀ ಹಣ್ಣು ಸೊಪ್ಪಲ್ಲಿ 54 ದಿನದ ಮಾತು ಬಿಡು.

ಬೈರಾಪುರದ ಗಾಳಿ
ತಿನ್ನೋದರ ಚರ್ಚೆಯೇ ವ್ಯರ್ಥ. ನಮ್ಮಲ್ಲಿ ದಾರಿ ತಪ್ಪಿದವರಿಗೆ ಹಸಿವಿನ ಪ್ರಶ್ನೆ ಬರೋಷ್ಟು ಸಮಯವೇ ಸಿಗಲ್ಲ. ಮೊದಲ ರಾತ್ರಿಯ ಚಳಿ, ಒದ್ದೆ, ಕಾಲು ಜಾರೋದು, ಇವೇ ಕೊಲ್ಲೋದು. ಮುಳ್ಳಯ್ಯನಗಿರಿ 1930 ಮೀಟರ್. ಅಲ್ಲಿ ಮಳೆಗಾಳಿಗೆ ಒದ್ದೆ ಜೀನ್ಸ್ ಹಾಕಿಕೊಂಡು ನಿಂತರೆ ಹಿಮ ಬೇಕಾಗಿಲ್ಲ, ಹತ್ತು ಹದಿನೈದು ಡಿಗ್ರಿಯಲ್ಲೇ ಮೈ ಬಿಸಿ ಇಳಿಯುತ್ತೆ. ನಡುಕ ಬಂದು, ಮಾತು ತೊದಲಿ, ಆಮೇಲೆ ನಡುಕವೇ ನಿಂತುಹೋದರೆ ಪರಿಸ್ಥಿತಿ ಕೈಮೀರಿದೆ ಅಂತ. ಎರಡು ದೊಡ್ಡ ಕಪ್ಪು ಕಸದ ಚೀಲ ಬ್ಯಾಗಲ್ಲಿರಲಿ. ಒಂದಕ್ಕೆ ಮುಖದ ಅಳತೆಗೆ ತೂತು ಮಾಡಿ ತಲೆ ಮೇಲಿಂದ ಹಾಕ್ಕೊಳ್ಳೋದು, ಇನ್ನೊಂದರ ಮೇಲೆ ಕೂರೋದು. ಕೊಡಲಿಗಿಂತ ಹಗುರ, ಕೊಡಲಿಗಿಂತ ಉಪಯೋಗ.

ಅರಸೀಕೆರೆ ಜಾಲಿ
ಒಣಗಿದ ಎಲೆ ರಾಶಿ ಹಾಕಿ ಅದರೊಳಗೆ ಮಲಗಿದ್ರೆ ಬೆಚ್ಚಗಿರುತ್ತೆ ಅಂತ ಯೂಟ್ಯೂಬಲ್ಲಿ ತೋರಿಸ್ತಾರಲ್ಲ?

ಮಲೆನಾಡ ನರ್ಸ್
ಆ ವಿಡಿಯೋ ಮಾಡಿದವರ ಕಾಡಲ್ಲಿ ಸರಿ ಇರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಆ ಎಲೆ ರಾಶಿ ತುಂಬ ಇಂಬಳ, ಬೇಸಿಗೆಯಲ್ಲಿ ಉಣುಗು.

ಇಂಬಳದಿಂದ ರಕ್ತ ಹೋಗುತ್ತೆ, ಅಷ್ಟೆ. ಎಳೆದು ಕೀಳಬೇಡಿ. ಹಿಡಿದಿರೋ ತುದಿಯ ಪಕ್ಕ ಉಗುರು ತೂರಿಸಿ ಜಾರಿಸಿ. ಅದು ಬಿಡೋ ಅಂಶದಿಂದ ರಕ್ತ ಹೆಪ್ಪುಗಟ್ಟಲ್ಲ, ಹಾಗಾಗಿ ತುಂಬಾ ಹೊತ್ತು ಜಿನುಗುತ್ತೆ, ಗಾಬರಿ ಬೇಡ, ಒತ್ತಿ ಹಿಡಿದು ಬಟ್ಟೆ ಕಟ್ಟಿ. ಉಪ್ಪು, ಸುಣ್ಣ, ನಸ್ಯ ಗಾಯದ ಮೇಲೆ ಸುರಿಯೋದಕ್ಕಿಂತ ಮೊದಲೇ ಕಾಲುಚೀಲಕ್ಕೆ ಸವರಿಕೊಂಡು ಹೋಗೋದು ಒಳ್ಳೇದು.

ಉಣುಗು ಹಾಗಲ್ಲ. ಮಂಗನ ಕಾಯಿಲೆ ಹರಡೋದು ಅದರಿಂದಲೇ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು, ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಇದೆ. ನವೆಂಬರ್ ಡಿಸೆಂಬರಿಂದ ಮೇ ತನಕ ಎಲೆ ಮೇಲೆ ಕೂರೋದೇ ಬೇಡ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಂದ ಬಂದು ವಾರದೊಳಗೆ ಜೋರು ಜ್ವರ, ತಲೆನೋವು ಬಂದ್ರೆ ‘ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಹಾವು ಕಚ್ಚಿದ್ರೆ ಕುಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಮೂರೂ ತಪ್ಪು. ಕೈಯೋ ಕಾಲೋ ಅಲುಗಾಡದ ಹಾಗೆ ಕೋಲು ಕೊಟ್ಟು ಕಟ್ಟಿ, ನಡೆಸದೆ ಹೊತ್ತು ತರಬೇಕು. ನಮ್ಮ ದೇಶದ ಆಸ್ಪತ್ರೆಗಳಲ್ಲಿರೋ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಕಾಳಿಂಗಕ್ಕೂ ಗುಳಿಮಂಡಲಕ್ಕೂ ಅಲ್ಲ.

ಕಾಫಿಗಿಡ
ಇಂಬಳನಾ ಜಿಗಣೆನಾ ಅಂತ ಯಾರೂ ಜಗಳ ಶುರು ಮಾಡಲಿಲ್ಲವಲ್ಲ, ಆಶ್ಚರ್ಯ.

ಅರಸೀಕೆರೆ ಜಾಲಿ
ಜಿಗಣೆ ಕೆರೆಯಲ್ಲಿರೋದು, ಇಂಬಳ ಗಿಡದಲ್ಲಿರೋದು. ನಮಗೂ ಗೊತ್ತು ಸ್ವಾಮಿ.

ಹಾಸನ ಟು ಹಿಮಾಲಯ
ದಾರಿ ತಪ್ಪಿದ್ರೆ ನೀರಿನ ಜಾಡು ಹಿಡಿದು ಕೆಳಗಿಳಿ, ಊರು ಸಿಗುತ್ತೆ. ಇಷ್ಟೇ ಸಾಕು. ಸುಮ್ನೆ ಹುಡುಗನನ್ನ ಹೆದರಿಸ್ತಿದ್ದೀರಿ.

ಬೈರಾಪುರದ ಗಾಳಿ
ಈ ಸಲಹೆ ನಮ್ಮ ಘಟ್ಟದ ಅಂಚಿನಲ್ಲಿ ಪ್ರಾಣ ತೆಗೆಯುತ್ತೆ ಸಾರ್. ಎತ್ತಿನಭುಜದ ಮೇಲೆ ನಿಂತು ನೋಡಿ. ಪೂರ್ವಕ್ಕೆ ಇಳಿಯೋ ನೀರು ನಿಧಾನಕ್ಕೆ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತೆ, ಆ ಕಡೆ ತೋಟ, ಊರು ಸಿಗೋದು ನಿಜ. ಪಶ್ಚಿಮಕ್ಕೆ ಶಿಶಿಲದ ಕಡೆ ಇಳಿಯೋ ನೀರು ನೇತ್ರಾವತಿಗೆ, ಅದು ನಡೆಯಲ್ಲ, ಧುಮುಕುತ್ತೆ. ಹಳ್ಳ ಹಿಡಿದು ಇಳಿದವನು ಮೊದಲು ಹತ್ತಡಿ ಬಂಡೆ ಜಾರ್ತಾನೆ, ವಾಪಸ್ ಹತ್ತೋಕಾಗಲ್ಲ, ಮುಂದೆ ಇನ್ನೂರಡಿ ಜಲಪಾತ. ಹಿಂದೂ ಇಲ್ಲ ಮುಂದೂ ಇಲ್ಲ. ಹಳ್ಳದ ಸದ್ದಿಗೆ ಕೂಗಿದ್ದೂ ಕೇಳಿಸಲ್ಲ, ಮೊಬೈಲ್ ನೆಟ್‌ವರ್ಕೂ ಇಲ್ಲ. ಮೇಲೆ ಮಳೆ ಬಂದ್ರೆ ಕೆಳಗೆ ಬಿಸಿಲಿದ್ದಾಗಲೇ ನೀರು ಏರುತ್ತೆ.

ತಪ್ಪಿದೆ ಅನ್ನಿಸಿದ ಕ್ಷಣ ಕೂತುಬಿಡಬೇಕು. ಕೊನೆಗೆ ಗುರುತಿದ್ದ ಜಾಗ ಯಾವುದು ಅಂತ ನೆನಪು ಮಾಡ್ಕೊಂಡು, ಖಚಿತವಾಗಿ ಗೊತ್ತಿದ್ರೆ ಮಾತ್ರ ಬಂದ ದಾರಿಯಲ್ಲೇ ಹಿಂದಕ್ಕೆ. ಇಲ್ಲಾಂದ್ರೆ ಬಯಲಿರೋ ದಿಬ್ಬದಲ್ಲಿ ಇರು. ಮೂರು ಸಲ ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಮೂರು. ಕೂಗಿದ್ರೆ ಗಂಟಲು ಹೋಗುತ್ತೆ, ಸೀಟಿ ಹೋಗಲ್ಲ. ನಿನ್ನ ಸಿಮ್‌ಗೆ ಸಿಗ್ನಲ್ ಇಲ್ದಿದ್ರೂ ಬೇರೆ ಕಂಪನಿ ಟವರ್ ಸಿಕ್ಕಿದ್ರೆ 112 ಹೋಗಬಹುದು. ಮಿಕ್ಕ ಹೊತ್ತು ಏರೋಪ್ಲೇನ್ ಮೋಡ್. ನೆಟ್ ಇಲ್ಲದೆಯೂ ಜಿಪಿಎಸ್ ನಡೆಯುತ್ತೆ, ಮ್ಯಾಪ್ ಮಾತ್ರ ಮೊದಲೇ ಡೌನ್‌ಲೋಡ್ ಆಗಿರಬೇಕು.

ಹಾಸನ ಟು ಹಿಮಾಲಯ
ಹಳಿ ಸಿಕ್ಕಿದ್ರೆ ಹಳಿ ಮೇಲೆ ನಡೀಬಹುದಲ್ಲ, ಸಕಲೇಶಪುರ ಸುಬ್ರಹ್ಮಣ್ಯ ಲೈನು. ಅಥವಾ ಧ್ರುವ ನಕ್ಷತ್ರ ನೋಡ್ಕೊಂಡು ನಡೆದ್ರಾಯ್ತು.

ಲೆಕ್ಕದ ಮೇಷ್ಟ್ರು
ಆ ಹಳಿಯ ಮೇಲೆ ನಡೆಯೋದು ನಿಷಿದ್ಧ. 57 ಸುರಂಗ, ನಡುವೆ ಸೇತುವೆ. ಸುರಂಗದ ಮಧ್ಯ ರೈಲು ಬಂದರೆ ಗೋಡೆಗೆ ಅಂಟಿಕೊಳ್ಳೋದೊಂದೇ ದಾರಿ.

ಧ್ರುವ ನಕ್ಷತ್ರ ನಿಮ್ಮ ಅಕ್ಷಾಂಶ ಎಷ್ಟೋ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತೆ. ಸಕಲೇಶಪುರ ಸುಮಾರು 13 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ, ಅಂದರೆ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಅಲ್ಲಿ ನಿಮಗೆ ಕಾಣೋದು ಮರ, ಗುಡ್ಡ, ಮಂಜು. ಕೆನಡಾದ ಕಥೆ ಬೇರೆ, ಅಲ್ಲಿ ಆಕಾಶದ ಅರ್ಧದಷ್ಟು ಎತ್ತರದಲ್ಲಿರುತ್ತೆ. ಬೇಸಿಗೆಯ ಹಗಲೂ ಅಲ್ಲಿ ಉದ್ದ. ನಮ್ಮ ಕಣಿವೆಯಲ್ಲಿ ಸಂಜೆ ಆರಕ್ಕೆ ಮರದ ಕೆಳಗೆ ಕತ್ತಲು.

ಕಾಫಿಗಿಡ
ಆ ಕತ್ತಲಲ್ಲೇ ಆನೆ ಓಡಾಡೋದು. ಆಲೂರು, ಸಕಲೇಶಪುರ, ಬೇಲೂರು ಕಡೆಯವರ ಮೊಬೈಲ್‌ಗೆ ಆನೆ ಎಲ್ಲಿದೆ ಅಂತ ಬರೋ ಮೆಸೇಜು ಸುಮ್ನೆ ಬರಲ್ಲ. ಮೆತ್ತಗೆ ತುಳಿದ ಅಗಲ ದಾರಿ ಕಂಡ್ರೆ ‘ಯಾರೋ ನಡೆದ ಕಾಲುದಾರಿ’ ಅಂತ ಅಲ್ಲೇ ಮಲಗಬೇಡ, ಅದು ಆನೆ ದಾರಿ.

ನೀರಿನದ್ದೂ ಒಂದು ಮಾತು. ಎಸ್ಟೇಟ್ ಕೆಳಗಿನ ಹಳ್ಳದ ನೀರು ತಿಳಿಯಾಗಿದೆ ಅಂತ ಕುಡೀಬೇಡ. ಕಾಫಿ ಕುಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು, ಮಿಕ್ಕ ಕಾಲದಲ್ಲಿ ಗಿಡಕ್ಕೆ ಹೊಡೆಯೋ ಔಷಧಿ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಔಷಧಿ ಹೋಗಲ್ಲ. ತೋಟದ ಮೇಲಿನ ಕಾಡಿನ ನೀರಾದ್ರೆ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದ್ರೆ ಸಾಕು.

ಹತ್ತನೇ ಕ್ಲಾಸು, ಸಕಲೇಶಪುರ
ಎಲ್ಲರದ್ದೂ ಓದಿದೆ. ರಾತ್ರಿ ಪ್ಲ್ಯಾನ್ ಬಿಟ್ವಿ. ಆದ್ರೆ ಪುಸ್ತಕ ಸುಳ್ಳು ಅನ್ನೋ ಥರ ಮಾತಾಡ್ಬೇಡಿ, ಬೇಜಾರಾಗುತ್ತೆ. ಅವನನ್ನ ಉಳಿಸಿದ್ದು ಕೊಡಲಿ ಅಂತ ನನಗೀಗ ಅನ್ನಿಸ್ತಿಲ್ಲ. ಅವನು ಜೇಬಲ್ಲಿರೋದನ್ನೆಲ್ಲ ತೆಗೆದು ನೆಲದ ಮೇಲಿಟ್ಟು ಎಣಿಸ್ತಾನಲ್ಲ, ಚಿಲ್ಲರೆ ಕಾಸು, ನೋಟು, ನೇಲ್ ಕಟರ್, ಆ ಜಾಗ ಇನ್ನೊಂದ್ಸಲ ಓದಿದೆ. ಮೊದಲ ಸಲ ಓದುವಾಗ ಬೋರ್ ಅಂತ ಹಾರಿಸಿದ್ದೆ.

ಶಾಂತಕ್ಕ, ಕೊಪ್ಪ
ಪುಟ್ಟಾ, ಅತ್ತರೆ ಉಪಯೋಗ ಇಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಆ ಹುಡುಗ ಅಳಬಾರದು ಅಂತ ತೀರ್ಮಾನ ಮಾಡಿ ಸುಮ್ಮನಾಗಿದ್ದಲ್ಲ, ಪೂರ್ತಿ ಅತ್ತು ಮುಗಿಸಿದ ಮೇಲೆ ಸುಮ್ಮನಾದ. ಎರಡಕ್ಕೂ ವ್ಯತ್ಯಾಸ ಇದೆ.

ಲೆಕ್ಕದ ಮೇಷ್ಟ್ರು
ಮತ್ತೆ ಅವನು ಪಾರಾಗಿದ್ದು ಹೇಗೆ ಅನ್ನೋದನ್ನೂ ನೋಡು. ವಿಮಾನದಿಂದ ತೆಗೆದ ಚೀಲದಲ್ಲಿದ್ದ ತುರ್ತು ರೇಡಿಯೋ ಸ್ವಿಚ್ಚು ಒತ್ತಿರ್ತಾನೆ, ಅದು ಕೆಲಸ ಮಾಡ್ತಿದೆ ಅಂತ ಅವನಿಗೇ ಗೊತ್ತಿರಲ್ಲ.

ಬಗನೆಮರ
ಕಿಡಿ ಆಸೆ ಇದ್ರೆ ಮನೆ ಅಂಗಳದಲ್ಲಿ, ದೊಡ್ಡವರೊಬ್ಬರು ಜೊತೆಗಿದ್ದು, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಕೊಂಡು ಮಾಡು. ಹಳೇ ಕಾಟನ್ ಬಟ್ಟೆ, ಬನಿಯನ್ ಆದ್ರೂ ಸರಿ, ಪಾಲಿಯೆಸ್ಟರ್ ಬೆರೆತಿರಬಾರದು. ಎರಡಿಂಚು ಚೌಕ ಕತ್ತರಿಸಿ ಮುಚ್ಚಳ ಬಿಗಿ ಇರೋ ತಗಡಿನ ಡಬ್ಬಿಗೆ ಹಾಕು, ಮುಚ್ಚಳಕ್ಕೆ ಸಣ್ಣ ತೂತು. ಕೆಂಡದ ಮೇಲಿಟ್ರೆ ತೂತಿಂದ ಹೊಗೆ ಬರುತ್ತೆ. ಹೊಗೆ ಪೂರ್ತಿ ನಿಂತ ಮೇಲೆ ತೆಗೆದು, ಡಬ್ಬಿ ಕೈಗೆ ತಣ್ಣಗಾಗೋ ತನಕ ಮುಚ್ಚಳ ತೆಗೀಬಾರದು, ಗಾಳಿ ತಾಗಿದ್ರೆ ಒಳಗೇ ಹತ್ತಿ ಬೂದಿಯಾಗುತ್ತೆ. ಬಟ್ಟೆ ಕಂದು ಇದ್ರೆ ಕಮ್ಮಿ ಆಗಿದೆ, ಮತ್ತೆ ಇಡು. ಮುಟ್ಟಿದ್ರೆ ಪುಡಿಯಾದ್ರೆ ಜಾಸ್ತಿ ಆಗಿದೆ. ಪೂರ್ತಿ ಕಪ್ಪಗಿದ್ದು ಎತ್ತಿದಾಗ ಹರಿಯದಿದ್ರೆ ಸರಿ.

ಆ ಚೂರನ್ನ ಬೆಣಚುಕಲ್ಲಿನ ಮೇಲೆ, ಅಂಚಿಗೆ ತೀರಾ ಹತ್ತಿರ ಹೆಬ್ಬೆರಳಿಂದ ಒತ್ತಿ ಹಿಡಿ. ಅರದ ಅಂಚಿನಿಂದ ಮೇಲಿಂದ ಕೆಳಗೆ ಓರೆಯಾಗಿ ಸವರಿ ಹೊಡಿ, ಗುದ್ದಬೇಡ. ಕಲ್ಲಿನ ಚಕ್ಕೆ ಹಾರುತ್ತೆ, ಕನ್ನಡಕ ಬೇಕು.

ಹತ್ತನೇ ಕ್ಲಾಸು, ಸಕಲೇಶಪುರ
ತೂತು ಮೊಳೆಯಲ್ಲಿ ಮಾಡಬಹುದಾ? ಎಷ್ಟು ತೂತು?

ಬಗನೆಮರ
ಒಂದೇ. ಚಿಕ್ಕ ಮೊಳೆ. ಅಮ್ಮನ ಅರಿಶಿನದ ಡಬ್ಬಿ ಬೇಡ.